ಮೈಮುನಾ ಅಕ್ಕೋರ ಫೋಟೋ ತಾಸು

ನಮ್ಮ ಮನೆಗೆ ವಿನೆಗರ್ ಬಾಟಲಿ ಬಂದದ್ದು ಗೋಬಿ ಮಂಚೂರಿಯ ನೆಪದಲ್ಲಿ. ತಂಗಿಯ ಮಗಳು ಇಳಕಲ್ಲಿನಿಂದ ರಜೆಗೆ ಬಂದಾಗ ಹಟ ಹಿಡಿದು ಒಂದು ಸಲ ಮಾಡಿದ್ದಳು. ಗೋಬಿ ಅವತ್ತೇ ಮುಗಿಯಿತು. ಬಾಟಲಿ ಮಾತ್ರ ಶೇಂಗಾ ಚಟ್ನಿ ಡಬ್ಬಿಯ ಹಿಂದೆ, ಎಷ್ಟು ದಿನವಾದರೂ ಊರಿಗೆ ಹೊರಡದ ಬೀಗರ ಹಾಗೆ ಕೂತುಬಿಟ್ಟಿತು. ಹೋದ ತಿಂಗಳು ಒಂದು ಭಾನುವಾರ, ಗ್ಯಾಸ್ ಒಲೆಯ ಮೇಲಿನ ಕಲೆ ಇದರಿಂದ ಹೋಗುತ್ತದೆಂದು ಯಾರೋ ಫೋನಿನಲ್ಲಿ ತೋರಿಸಿದ್ದು ನೆನಪಾಗಿ ಅದರ ಮುಚ್ಚಳ ತಿರುವಿದೆ. ಕಲೆಯೇನೂ ಹೋಗಲಿಲ್ಲ ಬಿಡಿ. ಆದರೆ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಅರಿವೆ ಅಲ್ಲೇ ನಿಂತಿತು. ಇದೇ ವಾಸನೆಯ ಒಂದು ಟ್ರಂಕಿತ್ತು. ಅದರ ತುಂಬ ಹಳೆಯ ಫೋಟೋಗಳು, ವರ್ಷಗಟ್ಟಲೆ ಮುಚ್ಚಿಟ್ಟು ಹುಳಿತ ಫಿಲ್ಮ್ ರೀಲುಗಳು. ಮುಚ್ಚಳ ತೆಗೆದರೆ ಉಪ್ಪಿನಕಾಯಿ ಭರಣಿ ತೆಗೆದ ಹಾಗೆ ಹುಳಿ ಹುಳಿ. ಅದು ಮೈಮುನಾಳ ಮನೆಯ ಟ್ರಂಕು.

ಮೈಮುನಾ ಯಾರು ಎಂದು ಹೇಳುವ ಮೊದಲು ನಾನು ಯಾರು ಎಂದು ಹೇಳಬೇಕು. ಹುನಗುಂದದಿಂದ ಬಸ್ಸಿನಲ್ಲಿ ಓಡಾಡಿಕೊಂಡು, ಐಹೊಳೆಯ ಆಸುಪಾಸಿನ ಒಂದು ಸರಕಾರಿ ಹೈಸ್ಕೂಲಿನಲ್ಲಿ ಬಹಳ ವರ್ಷದಿಂದ ಸಮಾಜ ವಿಜ್ಞಾನ ಹೇಳುತ್ತಿರುವವಳು ನಾನು. ಚಾಲುಕ್ಯರ ಗುಡಿಯ ನೆರಳಿನಲ್ಲಿ ಗೋಲಿಯಾಡಿ ಬೆಳೆದ ಹುಡುಗರಿಗೆ ಚಾಲುಕ್ಯರ ಪಾಠವನ್ನು ಪುಸ್ತಕ ನೋಡಿ ಹೇಳುವುದು ನನ್ನ ಕಸುಬು. ಅವರು ಆಕಳಿಸುತ್ತಾರೆ. ನನಗೂ ಆಕಳಿಕೆ ಬರುತ್ತದೆ. ಆದರೆ ನಾನು ಮಾಸ್ತರಿಣಿ, ಬಾಯಿಗೆ ಸೆರಗು ಹಿಡಿಯುತ್ತೇನೆ.

ಮೈಮುನಾ ನಮ್ಮಲ್ಲಿಗೆ ಕನ್ನಡದ ಅತಿಥಿ ಶಿಕ್ಷಕಿಯಾಗಿ ಬಂದಳು. ಹತ್ತು ವರ್ಷದ ಹಿಂದಿನ ಮಾತಿರಬಹುದು. ಅತಿಥಿ ಎಂಬ ಹೆಸರು ಕೇಳಿ ನೀವು ಮಣೆ ಹಾಕಿ ಕೂರಿಸುತ್ತಾರೆಂದು ತಿಳಿಯಬೇಡಿ. ಕಾಯಂ ಮಾಸ್ತರರು ಇಲ್ಲದ ಕಡೆ ಜೂನ್‌ನಲ್ಲಿ ಕರೆಯುತ್ತಾರೆ, ಬೇಸಿಗೆ ಬಂದರೆ ಬಿಡುತ್ತಾರೆ. ಮುಂದಿನ ಜೂನ್‌ನಲ್ಲಿ ಕರೆದರೆ ಕರೆದಾರು, ಇಲ್ಲದಿದ್ದರೆ ಇಲ್ಲ. ಅದು ಹೆಡ್ ಮಾಸ್ತರರ ಮನಸ್ಸು, ಶಾಲಾ ಸಮಿತಿಯವರ ಮಾತು, ಎಲ್ಲಕ್ಕಿಂತ ಹೆಚ್ಚಾಗಿ ಹತ್ತನೆಯ ತರಗತಿಯ ರಿಸಲ್ಟು. ಆಕೆ ಕನ್ನಡದಲ್ಲಿ ಎಂ.ಎ. ಮಾಡಿ, ಬಿ.ಎಡ್. ಮಾಡಿ, ಕಾಯಂ ನೌಕರಿಯ ವಯಸ್ಸು ಜಾರಿಹೋಗುವುದನ್ನು ನೋಡುತ್ತ ಕೂತಿದ್ದಳು. ಬಾದಾಮಿಯಲ್ಲಿ ಒಂದು ಸಣ್ಣ ಖಾಸಗಿ ಶಾಲೆಯ ಕೆಲಸ ಬಿಟ್ಟು, ಮುಂಜಾನೆಯ ಮೊದಲ ಬಸ್ಸಿಗೆ ಹೊರಟು ಬರುತ್ತಿದ್ದಳು.

“ಅಷ್ಟು ದೂರದಿಂದ ಯಾಕ ಬರ್ತಿಯವಾ? ಅಲ್ಲೇ ಚಲೋ ಇತ್ತಲ್ಲ” ಎಂದು ನಾನು ಒಮ್ಮೆ ಕೇಳಿದ್ದೆ.

“ಅಲ್ಲಿ ಕನ್ನಡ ಮಾತಾಡಿದ್ರ ದಂಡ ಹಾಕ್ತಿದ್ರು ಅಕ್ಕಾ” ಎಂದಳು. “ನಾ ಕನ್ನಡ ಟೀಚರ್ ಇದ್ದೆ. ದಿನಾ ನನಗ ದಂಡ.”

ಹೀಗೆ ನಗದೆ ನಗಿಸುವವಳು. ಎತ್ತರದ ಹೆಂಗಸು, ತಲೆಯ ಮೇಲೆ ಸದಾ ಸೆರಗು, ಕೈಗೆ ಗಂಡಸರ ವಾಚು. ಅದು ಆಕೆಯ ತಂದೆಯದು. ತಂದೆ ಒಂದು ಕಾಲಕ್ಕೆ ಬಾದಾಮಿಯ ಗವಿಗಳ ಮೆಟ್ಟಿಲ ಹತ್ತಿರ ಪ್ರವಾಸಿಗರ ಫೋಟೋ ತೆಗೆಯುತ್ತಿದ್ದವರು. ಕೊರಳಿಗೆ ಕ್ಯಾಮೆರಾ, ಬಗಲಿಗೆ ಚೀಲ. ಫೋಟೋ ತೆಗೆದು, ಬಂದವರ ಕೈಯಿಂದಲೇ ಲಕೋಟೆಯ ಮೇಲೆ ವಿಳಾಸ ಬರೆಸಿಕೊಂಡು, ಮನೆಯ ಕತ್ತಲ ಕೋಣೆಯಲ್ಲಿ ತೊಳೆದು, ಅಂಚೆಗೆ ಹಾಕುವುದು ಅವರ ಪದ್ಧತಿ. ಎಷ್ಟೋ ಲಕೋಟೆ ತಿರುಗಿ ಬರುತ್ತಿದ್ದವು. ವಿಳಾಸ ತಪ್ಪು, ಮನೆ ಬದಲು, ಏನೇನೋ. ಎಲ್ಲರ ಕೈಗೂ ಫೋನು ಬಂದು ಕಸುಬು ನಿಂತ ಮೇಲೂ ಮುದುಕರು ಆ ಫೋಟೋಗಳನ್ನು ಬಿಸಾಡದೆ, ನಾನು ಒಮ್ಮೆ ಅವರ ಮನೆಗೆ ಹೋದಾಗ ಕಂಡ ಆ ಹುಳಿ ವಾಸನೆಯ ಟ್ರಂಕಿನಲ್ಲಿ ತುಂಬಿಟ್ಟಿದ್ದರು.

“ಅಬ್ಬಾಗ ಹೇಳೀನ್ರಿ, ಒಗೆದು ಬಿಡೋಣು ಅಂತ” ಎಂದು ಮೈಮುನಾ ಹೇಳುತ್ತಿದ್ದಳು. “ಮಂದೀ ಮಾರಿ ಅದಾವ, ಕಸದಾಗ ಹೆಂಗ ಒಗೀತಿ ಅಂತಾರ.”

ಕಸಕ್ಕೆ ಹೋಗದ ಆ ಮುಖಗಳೇ ನಮ್ಮ ಶಾಲೆಗೆ ಬಂದವು.

ನಮ್ಮ ಹುಡುಗರು ಕನ್ನಡ ಪ್ರಬಂಧ ಬರೆಯುವುದನ್ನು ನೀವು ನೋಡಬೇಕಿತ್ತು. ಬರೆಯುವುದಲ್ಲ ಅದು, ಇಳಿಸುವುದು. ಹಬ್ಬ ಎಂದರೆ ಒಂದು, ಗಿಡ ಎಂದರೆ ಒಂದು, ಸ್ವಚ್ಛತೆ ಎಂದರೆ ಒಂದು. ತಲೆಯೊಳಗಿನ ಡಬ್ಬಿಗಳ ಮುಚ್ಚಳ ತೆಗೆದು ಸುರಿಯುವುದು. ‘ನನ್ನ ತಾಯಿ’ ಎಂಬ ವಿಷಯ ಕೊಟ್ಟರೆ ಇಡೀ ವರ್ಗಕ್ಕೆ ಒಬ್ಬಳೇ ತಾಯಿ. ಅವಳು ಮುಂಜಾನೆ ಎದ್ದು ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಮಕ್ಕಳಿಗೆ ನೀತಿ ಕಥೆ ಹೇಳುತ್ತಿದ್ದಳು. ಆ ಹುಡುಗರ ನಿಜವಾದ ತಾಯಂದಿರು ಅಷ್ಟು ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಕಂಡವರ ಹೊಲದಲ್ಲಿ ಇರುತ್ತಿದ್ದರು.

ಮೈಮುನಾ ಒಂದು ಶುಕ್ರವಾರ ಚೀಲದ ತುಂಬ ಫೋಟೋ ತಂದಳು. ಅವಳ ಹತ್ತನೆಯ ವರ್ಗಕ್ಕೂ ನನ್ನ ವರ್ಗಕ್ಕೂ ನಡುವೆ ಇದ್ದದ್ದು ಚಾವಣಿಗೆ ಮುಟ್ಟದ ಗೋಡೆ. ಆದ್ದರಿಂದ ಆ ತಾಸು ನನಗೆ ಅಕ್ಷರಶಃ ಕಿವಿಯ ಮೇಲೆ ಬಿದ್ದಿದೆ. ನಮ್ಮ ಕಡೆ ಪಿರಿಯಡ್ಡಿಗೆ ತಾಸು ಎನ್ನುತ್ತೇವೆ, ಅರ್ಧ ತಾಸಿಗೇ ಗಂಟೆ ಹೊಡೆದರೂ.

“ಪೆನ್ನು ಎಲ್ಲಾ ಈ ಡಬ್ಬ್ಯಾಗ ಹಾಕ್ರಿ” ಎಂದಳು. ಖಾಲಿ ಟಿಫಿನ್ ಡಬ್ಬಿಯಲ್ಲಿ ಪೆನ್ನು ಬೀಳುವ ಟಣಟಣ. “ಈಗ ಇಬ್ಬಿಬ್ಬರಿಗೆ ಒಂದು ಫೋಟೋ. ಬರೀ ನೋಡ್ರಿ.”

“ಅಕ್ಕೋರ, ಇವ್ರು ಯಾರ್ರಿ?”

“ನನಗೂ ಗೊತ್ತಿಲ್ಲ. ಅದಕ್ಕ ನಿಮಗ ಕೊಟ್ಟೇನಿ.”

“ನೋಡಿದ್ವಿರೀ. ಪೆನ್ನು ಕೊಡ್ರಿ.”

“ಏನ್ ನೋಡ್ದಿ?”

“ಒಂದು ಸುಂದರವಾದ ಗುಡಿ, ಸುಂದರವಾದ ಹೆಣಮಗಳು.”

“ಹೊರಗ ನಿಂದ್ರು. ಸುಂದರ ಅಂದವ್ರೆಲ್ಲ ಇವತ್ತು ಹೊರಗ.”

“ಚಂದ ಅನಬೌದೇನ್ರಿ?”

“ಚಂದನೂ ಇಲ್ಲ, ಅಂದನೂ ಇಲ್ಲ. ಆಕಿ ಕೈಯಾಗ ಏನೈತಿ ಹೇಳು.”

ಬೆಂಚುಗಳು ಕಿರುಗುಟ್ಟಿದವು. ಆಮೇಲೆ ಒಬ್ಬ ಹುಡುಗ, “ಚಪ್ಪಲ್ ಹಿಡ್ಕೊಂಡಾಳ್ರಿ!” ಎಂದ. ಹೊಸ ಮದುವೆಯ ಜೋಡಿಯ ಫೋಟೋ ಅದು, ಆಮೇಲೆ ನಾನೂ ನೋಡಿದೆ. ಗವಿಯ ಮೆಟ್ಟಿಲ ಮೇಲೆ ಗಂಡ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾನೆ. ಹೆಂಡತಿ ಜರಿ ಸೀರೆಯಲ್ಲಿ ಎರಡೂ ಚಪ್ಪಲಿ ಕೈಯಲ್ಲಿ ಹಿಡಿದಿದ್ದಾಳೆ. ಯಾಕೆ ಹಿಡಿದಿದ್ದಾಳೆ ಎಂಬುದರ ಮೇಲೆ ವರ್ಗದಲ್ಲಿ ಜಗಳವೇ ಹತ್ತಿತು. ಗುಡಿಯಾಗ ಹಾಕ್ಕೋಬಾರ್ದು ಅಂತ. ಹಂಗಾದ್ರ ಗಂಡ ಬೂಟು ಹಾಕ್ಯಾನಲ್ಲ? ಮಂಗ್ಯಾ ಒಯ್ತಾವ ಅಂತ. ಚಪ್ಪಲ್ ಯಾಕ ಒಯ್ತಾವ, ಅವುಕ್ಕೇನು ಹುಚ್ಚು ಹಿಡದೈತೇನು? ಕಡೆಗೆ ಹಿಂದಿನ ಬೆಂಚಿನಿಂದ ನೀಲವ್ವನ ಸಣ್ಣ ದನಿ ಬಂತು. ನೀಲವ್ವ ಐಹೊಳೆಯಿಂದ ನಡೆದು ಬರುವ ಹುಡುಗಿ, ಹಾಜರಿ ಕೂಗುವಾಗಲೂ ಎರಡು ಸಲ ಕೂಗಬೇಕು.

“ಹೊಸಾ ಚಪ್ಪಲ್ ಕಚ್ಚ್ಯಾವ್ರಿ. ಗಂಡಗ ಹೇಳಾಕ ನಾಚಿಕಿ. ಅದಕ್ಕ ಅಂವ ಮುಂದ ನಡದಾನ, ಆಕಿ ಬಿಚ್ಚಿ ಕೈಯಾಗ ಹಿಡದಾಳ. ಅಷ್ಟರಾಗ ಫೋಟೋದವ್ರು ನಿಲ್ಸ್ಯಾರ.”

ಗೋಡೆಯ ಈಚೆ ನನ್ನ ವರ್ಗವೂ ಕಿವಿ ಕೊಟ್ಟು ಕೂತಿತ್ತು. ನಾನು ಪುಲಿಕೇಶಿಯನ್ನು ಬೋರ್ಡಿನ ಮೇಲೆ ಅರ್ಧಕ್ಕೇ ಬಿಟ್ಟು ನಿಂತಿದ್ದೆ. “ಪೆನ್ನು ತಗೋರಿ” ಎಂದು ಮೈಮುನಾ ಹೇಳಿದ್ದು ಕೇಳಿಸಿತು.

ಅವತ್ತಿನಿಂದ ಶುಕ್ರವಾರದ ಕೊನೆಯ ತಾಸು ಫೋಟೋ ತಾಸಾಯಿತು. ಮೊದಲು ನೋಡುವುದು, ಆಮೇಲೆ ಮಾತಾಡುವುದು, ಕಡೆಗೆ ಬರೆಯುವುದು. ಕಾಣಿಸಿದ್ದನ್ನು ಮೊದಲು ಬರೆಯಬೇಕು, ಊಹೆ ಮಾಡಿದ್ದನ್ನು ಆಮೇಲೆ. ಊಹೆಗೆ ಫೋಟೋದಲ್ಲಿ ಏನಾದರೂ ಆಧಾರ ತೋರಿಸಬೇಕು. “ಯಾವುದ್ ನೋಡಿ ಹಂಗ ಅಂದಿ?” ಎನ್ನುವುದು ಆಕೆಯ ಒಂದೇ ಪ್ರಶ್ನೆ. ಹುಡುಗರು ಅದನ್ನು ಆಟದ ಬಯಲಿಗೂ ಒಯ್ದರು. ಕಬಡ್ಡಿಯಲ್ಲಿ ಔಟ್ ಎಂದ ಕೂಡಲೇ “ಯಾವುದ್ ನೋಡಿ ಹಂಗ ಅಂದಿ ಲೇ?” ಎಂದು ನಮ್ಮ ಪಿ.ಟಿ. ಮಾಸ್ತರರನ್ನು ಗೋಳಾಡಿಸುತ್ತಿದ್ದರು.

ನಾನೂ ಸುಮ್ಮನಿರದೆ ಒಂದು ದಿನ ನನ್ನ ಮದುವೆಯ ಫೋಟೋ ಒಯ್ದೆ. ಸ್ಟಾಫ್ ರೂಮಿನಲ್ಲಿ ಅದನ್ನು ಹಿಡಿದುಕೊಂಡು ಮೈಮುನಾ ಬಹಳ ಹೊತ್ತು ನೋಡಿದಳು. ಹೊಗಳುತ್ತಾಳೆಂದು ನಾನು ಕಾದಿದ್ದೆ.

“ಅಕ್ಕಾ, ಎಲ್ಲಾರೂ ಕ್ಯಾಮೆರಾ ನೋಡಾಕತ್ತಾರ. ನೀವು ಎಲ್ಲಿ ನೋಡಾಕತ್ತೀರಿ?”

ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಹೌದು, ನನ್ನ ಕಣ್ಣು ಎಡಕ್ಕೆ ಹೊರಳಿದೆ. ಎಡಕ್ಕೆ ಇದ್ದದ್ದು ಊಟದ ಪೆಂಡಾಲು. ಮಾದಲಿ ಸಾಲುವುದಿಲ್ಲವೆಂದು ನಮ್ಮ ಚಿಕ್ಕಪ್ಪ ಕೂಗಾಡುತ್ತಿದ್ದುದು ನೆನಪಾಯಿತು. ತಾಳಿ ಕಟ್ಟಿಸಿಕೊಂಡು ಇನ್ನೂ ಕುತ್ತಿಗೆಯ ಬೆವರು ಆರಿರಲಿಲ್ಲ, ಆಗಲೇ ನಾನು ಅಡುಗೆಯ ಚಿಂತೆಗೆ ಬಿದ್ದಿದ್ದೆ. “ಗಂಡನ ಕಡೆಯಂತೂ ನೋಡಿಲ್ಲ ಬಿಡ್ರಿ” ಎಂದಳು ಮೈಮುನಾ. ನಕ್ಕೆವು. ಮನೆಗೆ ಬಂದು ಆ ಫೋಟೋ ಗೋಡೆಗೆ ತೂಗುಹಾಕಿದ ಮೇಲೆ ನೋಡಿದ ಪ್ರತಿ ಸಲವೂ ಅದರಲ್ಲಿ ಮಾದಲಿಯೇ ಕಾಣುತ್ತದೆ.

ಇಷ್ಟೇ ಆಗಿದ್ದರೆ ನಾನು ಒಲೆ ಒರೆಸುವುದನ್ನು ಬಿಟ್ಟು ಕೂರುತ್ತಿರಲಿಲ್ಲ.

ಆ ವರ್ಷದ ಚಳಿಗಾಲದ ಕೊನೆಗೆ ಹತ್ತನೆಯವರಿಗೆ ಪೂರ್ವಸಿದ್ಧತಾ ಪರೀಕ್ಷೆ ಆಯಿತು. ಆ ಉತ್ತರಪತ್ರಿಕೆಗಳನ್ನು ನಮ್ಮವರೇ ತಿದ್ದುವ ಹಾಗಿಲ್ಲ, ಬೇರೆ ಶಾಲೆಯವರು ತಿದ್ದಬೇಕು. ಪ್ರಬಂಧದ ವಿಷಯ ‘ಪ್ರವಾಸಿ ತಾಣಗಳ ಮಹತ್ವ’ ಎಂದಿತ್ತು. ಪೇಪರು ತಿರುಗಿ ಬಂದ ದಿನ ಮೈಮುನಾ ಅವನ್ನು ಮೇಜಿನ ಮೇಲೆ ಹರವಿಕೊಂಡು ಕೂತಿದ್ದಳು. ನೀಲವ್ವನ ಪೇಪರನ್ನು ನನ್ನ ಕಡೆ ಸರಿಸಿದಳು. ಆ ಹುಡುಗಿ ಬರೆದದ್ದು ಸರಿಸುಮಾರು ಹೀಗಿತ್ತು:

‘ನಮ್ಮ ಊರಿಗೆ ದಿನಾಲು ಮಂದಿ ಬರುತ್ತಾರೆ. ಅವರು ಗುಡಿಯ ಫೋಟೋ ತೆಗೆಯುತ್ತಾರೆ. ನಾವು ಅಡ್ಡ ಬಂದರೆ ಸರಿಯಿರಿ ಎನ್ನುತ್ತಾರೆ. ನನ್ನ ಅವ್ವ ಕಟ್ಟಿಗೆ ಹೊತ್ತು ಬಂದರೆ ಮಾತ್ರ ನಿಲ್ಲು ಎನ್ನುತ್ತಾರೆ. ಅವ್ವ ಹೊರೆ ಇಳಿಸಿ ನಿಂತರೆ, ಹಂಗಲ್ಲ, ಹೊತ್ತುಕೊಂಡು ನಿಲ್ಲು ಎನ್ನುತ್ತಾರೆ. ಅವ್ವ ಮತ್ತೆ ಹೊರುತ್ತಾಳೆ. ಅವರು ಬಹಳ ಹೊತ್ತು ತೆಗೆಯುತ್ತಾರೆ. ಅವರು ಹೋದ ಮೇಲೆ ಅವ್ವ ಕುತ್ತಿಗೆ ತಿಕ್ಕಿಕೊಳ್ಳುತ್ತಾಳೆ. ದೂರದ ಊರಿನ ಬಹಳ ಮನೆಗಳಲ್ಲಿ ನನ್ನ ಅವ್ವನ ಫೋಟೋ ಇರುತ್ತದೆ. ನಮ್ಮ ಮನೆಯಲ್ಲಿ ಇಲ್ಲ.’

ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ. ಬದಿಗೆ, ‘ಪೀಠಿಕೆ ಇಲ್ಲ. ವಿಷಯ ವಿವರಣೆ ಇಲ್ಲ. ಉಪಸಂಹಾರ ಇಲ್ಲ.’ ಅಂಕವಂತೂ ನಾಚಿಕೆಗೇಡು. ಪಕ್ಕದಲ್ಲೇ ಬೇರೆ ಹುಡುಗರ ಪೇಪರಿದ್ದವು. ಫೋಟೋ ತಾಸಿನಲ್ಲಿ ಕಲಿತವರೆಲ್ಲ ತಂತಮ್ಮ ಕಣ್ಣಿಂದ ಏನೋ ಬರೆದು ಹೀಗೇ ಪೆಟ್ಟು ತಿಂದಿದ್ದರು. ಆ ತಾಸಿಗೆ ಚಕ್ಕರ್ ಹೊಡೆಯುತ್ತಿದ್ದ ಮೂರ್ನಾಲ್ಕು ಹುಡುಗರು ಮಾತ್ರ, ‘ದೇಶ ಸುತ್ತುವುದರಿಂದ ಜ್ಞಾನ ವೃದ್ಧಿಯಾಗುತ್ತದೆ’ ಎಂದು ಶುರುಮಾಡಿ, ಪೀಠಿಕೆ, ಉಪಸಂಹಾರಗಳ ಅಡಿಗೆ ಸ್ಕೇಲಿಟ್ಟು ಗೆರೆ ಎಳೆದು, ಪೂರಾ ಅಂಕ ತಗೊಂಡಿದ್ದರು. ಅವರಲ್ಲಿ ಒಬ್ಬ ನಮ್ಮ ಜಿಲ್ಲೆಯ ಪ್ರವಾಸಿ ತಾಣಗಳಲ್ಲಿ ತಾಜಮಹಲನ್ನೂ ಸೇರಿಸಿದ್ದ. ಅದಕ್ಕೂ ಅಂಕ ಬಿದ್ದಿತ್ತು.

ಹೆಡ್ ಮಾಸ್ತರರು ಒಳಗೆ ಬಂದರು. ಕೆಟ್ಟವರಲ್ಲ ಅವರು. ಅಂಗಿಯ ಜೇಬಿನಲ್ಲಿ ಯಾವಾಗಲೂ ಬಿ.ಪಿ. ಗುಳಿಗೆ, ಕೈಯಲ್ಲಿ ಮೇಲಿನಿಂದ ಬಂದ ಯಾವುದಾದರೂ ನೋಟೀಸು. ನೀಲವ್ವನ ಪೇಪರನ್ನು ನಿಂತುಕೊಂಡೇ ಓದಿದರು. ಎರಡು ಸಲ ಓದಿದರು.

“ಓದಾಕ ಭಾಳ ಚಲೋ ಐತ್ರಿ ಟೀಚರ್. ನಾ ಇಲ್ಲ ಅನ್ನಂಗಿಲ್ಲ. ಕಣ್ಣಾಗ ನೀರು ಬರ್ತಾವ. ಆದ್ರ ಕಣ್ಣೀರಿಗೆ ಮಾರ್ಕ್ಸ್ ಎಲ್ಲಿ ಐತ್ರಿ?”

“ಸರ್, ಹುಡುಗಿ ಖರೆ ಬರದಾಳ್ರಿ” ಎಂದಳು ಮೈಮುನಾ.

“ಖರೇನ ಬರೀರಿ ಅಂತ ಪ್ರಶ್ನೆಪತ್ರಿಕ್ಯಾಗ ಎಲ್ಲಿ ಕೇಳ್ಯಾರ?”

ಮೈಮುನಾ ಪೇಪರು ಜೋಡಿಸತೊಡಗಿದಳು. ಹೆಡ್ ಮಾಸ್ತರರು ದನಿ ಇಳಿಸಿದರು. “ನೋಡ್ರಿ, ನಿಮ್ಮನ್ನ ಮುಂದಿನ ವರ್ಷ ತಗೋಬೇಕು ಅಂತ ನನಗೂ ಆಸೆ ಐತಿ. ರಿಸಲ್ಟ್ ಬಿತ್ತಂದ್ರ ಸಮಿತಿಯವ್ರ ಮುಂದ ನಾ ಏನ್ ಹೇಳ್ಲಿ? ಉಳದ ದಿನಾ ಒಂದ್ನಾಲ್ಕು ಪ್ರಬಂಧ ಬಾಯಿಪಾಠ ಮಾಡಸ್ರಿ. ಫೋಟೋ ಆಮ್ಯಾಲ ನೋಡೂಣಂತ.”

ಆ ಮಾತಿನಲ್ಲಿ ಬೆದರಿಕೆ ಇರಲಿಲ್ಲ, ಇದ್ದದ್ದು ಕಳವಳ. ಆದರೂ ಅಂದಿನಿಂದ ಮೈಮುನಾಳ ನೌಕರಿ ಹುಡುಗರ ಪೆನ್ನಿನ ತುದಿಯಲ್ಲಿ ನಿಂತಿತು, ಮತ್ತು ಅದು ನಮಗೆಲ್ಲ ಗೊತ್ತಿತ್ತು.

ಆಕೆ ಪ್ರಯತ್ನ ಮಾಡಲಿಲ್ಲವೆಂದಲ್ಲ. ಫೋಟೋ ಒಳಗಿಟ್ಟಳು. ಪೀಠಿಕೆ, ಉಪಸಂಹಾರ ಬೋರ್ಡಿನ ಮೇಲೆ ಬರೆಸಿದಳು. ಆದರೆ ನೋಡುವುದನ್ನು ಒಮ್ಮೆ ಕಲಿಸಿದ ಮೇಲೆ ಬೇಡವೆಂದು ಹೇಳುವುದು ಸುಲಭವಲ್ಲ. ಗೋಡೆಯಾಚೆ ಒಂದು ದಿನ ನೀಲವ್ವನ ದನಿ ಕೇಳಿದೆ. ಈಗ ಅವಳನ್ನು ಎರಡು ಸಲ ಕೂಗಬೇಕಿರಲಿಲ್ಲ.

“ಅಕ್ಕೋರ, ಉಪಸಂಹಾರದಾಗ ಏನ್ ಬರೀಬೇಕ್ರಿ?”

“ಪ್ರವಾಸದಿಂದ ದೇಶದ ಏಕತೆ ಬೆಳೀತೈತಿ ಅಂತ ಬರಿ.”

“ಯಾವುದ್ ನೋಡಿ ಹಂಗ ಅನ್ನೂಣ್ರಿ?”

ಹುಡುಗರು ನಕ್ಕರು. ಮೈಮುನಾ ನಗಲಿಲ್ಲ. “ಏನೂ ನೋಡಬ್ಯಾಡ. ಬರಿ” ಎಂದಳು. ಆ ಎರಡು ಮಾತು ಹೇಳುವಾಗಿನ ಆಕೆಯ ದನಿಯನ್ನು ನಾನು ಇಲ್ಲಿ ಬರೆದು ತೋರಿಸಲಾರೆ.

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದು ರಿಸಲ್ಟು ಬಂತು. ಗಣಿತದಲ್ಲಿ ಬಿದ್ದವರನ್ನು ಯಾರೂ ಕೇಳುವುದಿಲ್ಲ, ಅದು ವಾಡಿಕೆ. ಆ ವರ್ಷ ನಮ್ಮಲ್ಲಿ ಕನ್ನಡದಲ್ಲಿ ಬಿದ್ದವರಿದ್ದರು. ನೀಲವ್ವ ಹೇಗೋ ಪಾಸಾದಳು. ಅವಳ ಅಂಕಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಇದ್ದದ್ದು ಕನ್ನಡ.

ಶಾಲಾ ಸಮಿತಿಯ ಸಭೆಯಲ್ಲಿ ನಾನೂ ಇದ್ದೆ. ಮೈಮುನಾಳನ್ನು ಕರೆದಿರಲಿಲ್ಲ, ಅತಿಥಿಯನ್ನು ಯಾರು ಕರೆಯುತ್ತಾರೆ? ಸಮಿತಿಯ ಹಿರಿಯರೊಬ್ಬರು ಅಡಿಕೆ ಕತ್ತರಿಸುತ್ತ ಕೇಳಿದರು, “ಕನ್ನಡ ಹುಡುಗೂರು ಕನ್ನಡದಾಗ ಫೇಲ್ ಆಗ್ತಾವಂದ್ರ ಏನಿದು? ಮನ್ಯಾಗ ಕನ್ನಡ ಮಾತಾಡವ್ರನ್ನ ತಗೋರಲ್ಲ. ಯಾರೂ ಸಿಗೂದಿಲ್ಲೇನು?”

“ಆಕಿ ಕನ್ನಡದಾಗ ಎಂ.ಎ. ಮಾಡ್ಯಾಳ್ರಿ” ಎಂದೆ ನಾನು. “ನನಗಿಂತ ನಿಮಗಿಂತ ಚಲೋ ಕನ್ನಡ ಐತಿ.”

“ಎಂ.ಎ. ಮಾಡಿದ್ದಕ್ಕ ಹಿಂಗಾತು” ಎಂದರು. ಎಲ್ಲರೂ ನಕ್ಕರು. ಚಹಾ ಬಂತು. ನಾನು ಇನ್ನೂ ಏನೇನೋ ಹೇಳಿದೆ: ಹುಡುಗರು ಬರೆಯುವುದನ್ನು ಕಲಿತಿದ್ದಾರೆ, ತಿದ್ದಿದವರಿಗೆ ಓದಲು ಬರಲಿಲ್ಲ ಎಂದು. ಹೆಡ್ ಮಾಸ್ತರರು ಗುಳಿಗೆ ನುಂಗಿ ನೀರು ಕುಡಿದರು. ಮೇಲಿನಿಂದ ಅವರಿಗೆ ಬಂದ ನೋಟೀಸಿನಲ್ಲಿ ರಿಸಲ್ಟು ಬಿದ್ದ ವಿಷಯವೆಂದು ಕನ್ನಡದ ಹೆಸರಿತ್ತು.

ಜೂನ್‌ನ ಮೊದಲ ದಿನ ಕರೆಯದಿದ್ದರೂ ಮೈಮುನಾ ಬಂದಳು. ಮೊದಲ ಬಸ್ಸಿಗೇ ಬಂದಿದ್ದಳು. ಹೊಸ ಅತಿಥಿ ಶಿಕ್ಷಕ ಆಗಲೇ ಹಾಜರಾಗಿದ್ದ. ಪಾಪ, ಸಭ್ಯ ಹುಡುಗ, ಆಕೆಗೆ ಎದ್ದು ಕುರ್ಚಿ ಕೊಟ್ಟ. ಹೆಡ್ ಮಾಸ್ತರರು ಆಕೆಯ ಮುಖ ನೋಡದೆ, “ಮುಂದಿನ ವರ್ಷ ನೋಡೂಣ್ರಿ ಟೀಚರ್” ಎಂದರು. ಆಕೆ ಕಪಾಟಿನಲ್ಲಿದ್ದ ಫೋಟೋಗಳನ್ನು ಚೀಲಕ್ಕೆ ತುಂಬಿಕೊಂಡಳು. ನಾನು ಬಸ್ ಸ್ಟ್ಯಾಂಡಿನವರೆಗೆ ಹೋದೆ.

ಹೊಸ ಶಿಕ್ಷಕನನ್ನು ಬೈದರೆ ಆಕೆಗೆ ಸಮಾಧಾನವಾದೀತೆಂದು ನಾನು ಬೈಯಲು ಹೊರಟೆ.

“ಬಿಡ್ರಿ ಅಕ್ಕಾ, ಅಂವನೂ ನನ್ನಂಗ ಬಂದಾನ” ಎಂದಳು. ಬಸ್ಸಿನ ಧೂಳು ದೂರದಲ್ಲಿ ಕಾಣಿಸಿತು. “ನನಗ ಸಿಟ್ಟು ಇಲ್ರಿ. ಒಂದು ಮಾತು ಮಾತ್ರ ನುಂಗಾಕ ಆಗ್ವಲ್ದು. ನಾ ಕಲಿಸಲಾರದ ಹುಡುಗೂರು ಪಾಸಾದ್ರು. ನಾ ಕಲಿಸಿದವ್ರು ಬಿದ್ರು. ಇದಕ್ಕೇನಂತಾರ್ರಿ?”

ಬಸ್ಸು ಬಂದು ನಿಂತಿತು. ಆಕೆ ಹತ್ತಿದಳು.

ಹೊಸ ಹುಡುಗ ಹತ್ತು ಪ್ರಬಂಧ ಬಾಯಿಪಾಠ ಮಾಡಿಸಿದ. ದಿನವೂ ಗೋಡೆಯಾಚೆಯಿಂದ ಇಡೀ ವರ್ಗ ಒಂದೇ ದನಿಯಲ್ಲಿ ಕೂಗುವುದು ಕೇಳುತ್ತಿತ್ತು. ರಿಸಲ್ಟು ಏರಿತು. ಸಮಿತಿಯವರು ಆತನಿಗೆ ಶಾಲು ಹೊದಿಸಿದರು.

ಕೆಲವು ವರ್ಷದ ಮೇಲೆ ನಮ್ಮನ್ನು ಬಾಗಲಕೋಟೆಯ ನವನಗರಕ್ಕೆ ತರಬೇತಿಗೆ ಕರೆದರು. ಭಾಷಾ ಶಿಕ್ಷಕರ ತರಬೇತಿ ಅದು. ಆ ವರ್ಷ ಕಾಯಂ ಭಾಷಾ ಶಿಕ್ಷಕರು ಇಲ್ಲದ್ದರಿಂದ ನಮ್ಮ ಶಾಲೆಯಿಂದ ನನ್ನನ್ನು ಅಟ್ಟಿದರು. ಹೆಸರು ಕೇಳಿ: ‘ಛಾಯಾಚಿತ್ರಾಧಾರಿತ ಬರವಣಿಗೆ.’ ನಾನು ಪೆನ್ನು ತೆಗೆದು ಮುಂದಿನ ಸಾಲಿಗೆ ಹೋಗಿ ಕೂತೆ. ಪರದೆಯ ಮೇಲೆ ಸೂರ್ಯೋದಯದ ಒಂದು ಚಿತ್ರ ಬಂತು. ತರಬೇತಿ ಕೊಡುವವರು, “ಮಕ್ಕಳಿಗೆ ಚಿತ್ರವನ್ನು ತೋರಿಸಿ ಸ್ವತಂತ್ರವಾಗಿ ಬರೆಯಲು ಪ್ರೇರೇಪಿಸಬೇಕು” ಎಂದರು. ಆಮೇಲೆ ಪ್ರತಿ ಚಿತ್ರಕ್ಕೂ ಒಂದೊಂದು ಮಾದರಿ ಉತ್ತರದ ಹಾಳೆ ಹಂಚಿದರು. ಮೊದಲ ಸಾಲು, ‘ಇದು ಒಂದು ಸುಂದರವಾದ ದೃಶ್ಯವಾಗಿದೆ.’

ನಾನು ಕೈ ಎತ್ತಿ, ಸ್ವತಂತ್ರವಾಗಿ ಬರೆಯುವುದಕ್ಕೆ ಮಾದರಿ ಉತ್ತರ ಯಾಕೆ ಎಂದು ಕೇಳಿದೆ. “ಮೌಲ್ಯಮಾಪನಕ್ಕೆ ಅನುಕೂಲ ಆಗಬೇಕಲ್ಲ ಮೇಡಂ” ಎಂದರು. ಕಡೆಗೆ ನಾವೆಲ್ಲರೂ ಆ ಹಾಳೆಗಳನ್ನು ಎದೆಗೆ ಹಿಡಿದು ಸಾಲಾಗಿ ನಿಂತೆವು. ತರಬೇತಿ ನಡೆದದ್ದಕ್ಕೆ ಸಾಕ್ಷಿಯಾಗಿ ಫೋಟೋ ತೆಗೆದು ಮೇಲೆ ಕಳಿಸಬೇಕಂತೆ. ಎಲ್ಲರೂ ನಗಬೇಕಂತೆ.

ಊಟಕ್ಕೆ ಬದನೆಕಾಯಿ ಪಲ್ಯ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಎರಡು ಸಲ ಹಾಕಿಸಿಕೊಂಡೆ. ಹೊಟ್ಟೆ ಉರಿಯುವಾಗಲೂ ಹಸಿಯುತ್ತದೆ.

ಇದನ್ನೆಲ್ಲ ನೆನೆದುಕೊಂಡು ಆ ಭಾನುವಾರ ಒಲೆಯ ಮುಂದೆ ನಿಂತಿದ್ದೆನಲ್ಲ, ನಿಮಗೆ ಒಂದು ಸಂಗತಿ ಹೇಳುವುದು ಉಳಿದಿದೆ. ಈಗ ನಮ್ಮ ಶಾಲೆಯ ಪ್ರಭಾರ ಮುಖ್ಯೋಪಾಧ್ಯಾಯಿನಿ ನಾನೇ. ಹಿರಿತನಕ್ಕೆ ಬಂದು ಬಿದ್ದದ್ದು. ಹಳೆಯ ಹೆಡ್ ಮಾಸ್ತರರು ನಿವೃತ್ತರಾಗಿ ಊರಿಗೆ ಹೋದರು. ಶಾಲು ಹೊದ್ದ ಹುಡುಗ ಮುಂದೆ ಕಾಯಂ ನೌಕರಿ ಸಿಕ್ಕು ಬೇರೆ ಜಿಲ್ಲೆಗೆ ಹೋದ. ಕನ್ನಡಕ್ಕೆ ಈ ವರ್ಷ ಮತ್ತೆ ಯಾರೂ ಇರಲಿಲ್ಲ. ಅತಿಥಿಯನ್ನು ಕರೆಯುವ ಅಧಿಕಾರ ನನ್ನ ಕೈಯಲ್ಲಿತ್ತು, ಮತ್ತು ಆ ವಾಸನೆ ಬರುವವರೆಗೆ ನನಗದು ಹೊಳೆದಿರಲಿಲ್ಲ. ಕೈ ಒರೆಸಿಕೊಂಡು ಫೋನು ಹಚ್ಚಿದೆ.

ಮೈಮುನಾ ಕೂಡಲೇ ಎತ್ತಿದಳು. ಬಾದಾಮಿಯಲ್ಲಿ ಮನೆಯಲ್ಲೇ ಟ್ಯೂಷನ್ ಹೇಳುತ್ತಾಳೆ. ಪಕ್ಕದ ಊರು ಚೊಳಚಗುಡ್ಡದಿಂದಲೂ ಹುಡುಗರು ಬರುತ್ತಾರಂತೆ. ಅಬ್ಬಾ ತೀರಿಕೊಂಡದ್ದನ್ನು ಹೇಳಿದಳು. ನನ್ನ ಮೊಣಕಾಲು ನೋವನ್ನು ಕೇಳಿದಳು. ನಾನು ವಿಷಯಕ್ಕೆ ಬಂದೆ.

“ಖರೆ ಹೇಳಾಕತ್ತೀರೇನ್ರಿ ಅಕ್ಕಾ? ಸಾಲಿಗೆ?” ಎಂದಳು. ಆ ‘ಸಾಲಿ’ ಎನ್ನುವ ಮಾತಿನಲ್ಲಿ ಇಷ್ಟು ವರ್ಷದ ಹಸಿವೆಲ್ಲ ಇತ್ತು.

“ಖರೇನವಾ. ಈಗ ಹೆಡ್ ನಾನ ಅದೇನಿ. ಯಾರ್ ಕೇಳ್ತಾರ?”

“ಬರ್ತೇನ್ರಿ.” ಕೂಡಲೇ, “ಕನ್ನಡ ರಿಸಲ್ಟ್ ಹೋದ ವರ್ಷ ಹೆಂಗಿತ್ತು?” ಎಂದು ಕೇಳಿದಳು.

“ಚಲೋ ಇರ್ಲಿಲ್ಲ. ನೋಟೀಸ್ ಬಂದೈತಿ.”

“ನಿಮ್ಮ ಹೆಸರಿಗೇನ್ರಿ?”

“ನನ್ನ ಹೆಸರಿಗೇ.”

“ಅಕ್ಕಾ, ನೀವು ಅಂಜಬ್ಯಾಡ್ರಿ” ಎಂದಳು ಮೈಮುನಾ. ಹೆತ್ತವಳು ಮಗುವಿಗೆ ಹೇಳುವ ಹಾಗೆ ಹೇಳಿದಳು. “ಮೊದಲಿನಂಗಿಲ್ರಿ ನಾ. ಇಲ್ಲಿ ಟ್ಯೂಷನ್ನಿನಾಗ ಇಪ್ಪತ್ತು ಪ್ರಬಂಧ ರೆಡಿ ಮಾಡೇನಿ. ಪೀಠಿಕೆಯಿಂದ ಉಪಸಂಹಾರದ ತನಕ ಒಂದಕ್ಷರ ತಪ್ಪಲಾರದಂಗ ಒಪ್ಪಸ್ತಾವ ಹುಡುಗೂರು. ಒಂದೂ ಬೀಳಂಗಿಲ್ಲ, ನಾ ಮಾತು ಕೊಡ್ತೇನಿ. ಫೋಟೋ ಗೀಟೋ ಏನೂ ತರಂಗಿಲ್ಲ.”

ನಾನು ಫೋನು ಹಚ್ಚಿದ್ದು ಯಾತಕ್ಕೆ ಎಂದು ನೀವು ಕೇಳಬಹುದು. ಶುಕ್ರವಾರದ ಕೊನೆಯ ತಾಸು ನಿನಗೇ ಬಿಡುತ್ತೇನೆ, ಏನು ಬೇಕಾದರೂ ತಗೊಂಡು ಬಾ ಎಂದು ಹೇಳಲಿಕ್ಕೆ. ಮಾತು ನಾಲಿಗೆಯ ಮೇಲೇ ಇತ್ತು. ಆದರೆ ಆಕೆ ‘ತರಂಗಿಲ್ಲ’ ಎಂದ ಕ್ಷಣ ನನ್ನ ಎದೆಯ ಮೇಲಿನಿಂದ ಏನೋ ಭಾರ ಇಳಿದ ಹಾಗಾಯಿತು. ಉಸಿರು ಸಲೀಸಾಯಿತು. ಹಳೆಯ ಹೆಡ್ ಮಾಸ್ತರರು ಗುಳಿಗೆ ನುಂಗಿದ ಮೇಲೆ ಹೀಗೇ ಆಗುತ್ತಿತ್ತೋ ಏನೋ.

“ಆತವಾ” ಎಂದೆ. “ಸೋಮವಾರ ಬಾ.”

“ದುವಾ ಕೊಡ್ರಿ ಅಕ್ಕಾ” ಎಂದು ಆಕೆ ಫೋನಿಟ್ಟಳು.

ಬಂದಿದ್ದಾಳೆ. ಮೊದಲ ಬಸ್ಸಿಗೇ ಬರುತ್ತಾಳೆ, ಹೊತ್ತಿಗೆ ಸರಿಯಾಗಿ ಸಹಿ ಮಾಡುತ್ತಾಳೆ. ವರ್ಗದಲ್ಲಿ ಸದ್ದಿಲ್ಲ, ಜಗಳವಿಲ್ಲ. ನಿನ್ನೆ ಸಮಿತಿಯವರೊಬ್ಬರು ಬಂದವರು ಕಿಟಕಿಯಿಂದ ಇಣುಕಿ, ಈ ಸಲ ಟೀಚರ್ ಚಲೋ ಸಿಕ್ಕಾರ ನೋಡ್ರಿ ಎಂದರು. ಹೌದ್ರಿ ಎಂದೆ.